ಕೈ ನಡುಗದ ವಿದ್ಯೆ: ಟೇಬಲ್ ಟೆನಿಸ್ ಕಣದಲ್ಲಿ ಸಮಚಿತ್ತದ ಚರಿತ್ರೆ

ಟೇಬಲ್ ಟೆನಿಸ್ ಮೇಜಿನ ಉದ್ದ 2.74 ಮೀಟರ್, ಅಗಲ 1.525 ಮೀಟರ್. ನಡುವೆ ಕಟ್ಟಿದ ಬಲೆಯ ಎತ್ತರ 15.25 ಸೆಂಟಿಮೀಟರ್. ಚೆಂಡಿನ ತೂಕ 2.7 ಗ್ರಾಂ. ಇಷ್ಟು ಕಿರಿದಾದ ಕಣದಲ್ಲಿ ಇಷ್ಟು ಹಗುರವಾದ ಚೆಂಡನ್ನು ಆಡಿಸುವಾಗ ಮನಸ್ಸಿನ ಅಳುಕು ಮನಸ್ಸಿನಲ್ಲೇ ಉಳಿಯುವುದಿಲ್ಲ, ನೇರವಾಗಿ ಕೈಗೆ ಇಳಿಯುತ್ತದೆ. ದಿಗಿಲುಬಿದ್ದ ಆಟಗಾರ ತನಗೆ ಅರಿವಿಲ್ಲದೆಯೇ ಬ್ಯಾಟಿನ ಹಿಡಿಯನ್ನು ಬಿಗಿ ಮಾಡುತ್ತಾನೆ. ಮುಂಗೈ ಸೆಟೆದುಕೊಳ್ಳುತ್ತದೆ, ಮಣಿಕಟ್ಟು ಸಲೀಸಾಗಿ ತಿರುಗುವುದಿಲ್ಲ, ಬ್ಯಾಟಿನ ಮುಖ ಕೂದಲೆಳೆಯಷ್ಟು ವಾಲುತ್ತದೆ. ಗಿರಗಿರನೆ ತಿರುಗುತ್ತಾ ಬರುವ ಚೆಂಡು ದಾರಿ ತಪ್ಪಲು ಅಷ್ಟೇ ಸಾಕು: ಒಂದೋ ಬಲೆಗೆ ಬೀಳುತ್ತದೆ, ಇಲ್ಲವೇ ಮೇಜು ದಾಟಿ ಹೋಗುತ್ತದೆ. ಕಾಲುಗಳು ನೆಲಕ್ಕೆ ಅಂಟಿಕೊಳ್ಳುತ್ತವೆ. ಧೈರ್ಯವಾಗಿ ಹೊಡೆಯಬೇಕಾದ ಚೆಂಡನ್ನು ಸುಮ್ಮನೆ ಆಚೆಗೆ ತಳ್ಳುವುದು ಶುರುವಾಗುತ್ತದೆ. ಎದುರಾಳಿ ಮೇಜಿನ ಆ ತುದಿಯಲ್ಲೇ ನಿಂತಿರುವುದರಿಂದ ಇದೆಲ್ಲವೂ ಅವನ ಕಣ್ಣಿಗೆ ಬೀಳುತ್ತದೆ.

ಒತ್ತಡದಲ್ಲಿ ತಣ್ಣಗಿರುವುದು ಹುಟ್ಟುಗುಣ, ಕೆಲವರಿಗೆ ಬಂದಿರುತ್ತದೆ, ಉಳಿದವರಿಗೆ ಬಂದಿರುವುದಿಲ್ಲ ಎಂಬ ನಂಬಿಕೆ ಆಟದಷ್ಟೇ ಹಳೆಯದು. ಆದರೆ ಈ ಆಟದ ನೂರು ವರ್ಷಗಳ ಚರಿತ್ರೆಯನ್ನು ಸಾಲಾಗಿ ನೋಡಿದರೆ ಬೇರೆಯದೇ ಕಥೆ ಕಾಣುತ್ತದೆ. ನಿಯಮ ಬದಲಾದಾಗಲೆಲ್ಲ, ಬ್ಯಾಟಿಗೆ ಹೊಸ ರಬ್ಬರು ಬಂದಾಗಲೆಲ್ಲ ಅಂಜಿಕೆ ಒಂದು ಜಾಗ ಬಿಟ್ಟು ಇನ್ನೊಂದು ಜಾಗಕ್ಕೆ ಹೋಗಿ ಕೂತಿದೆ. ಅದನ್ನು ಎದುರಿಸುವ ಉಪಾಯವನ್ನೂ ಪ್ರತಿ ಪೀಳಿಗೆಯ ಆಟಗಾರರು ಮತ್ತು ಕೋಚ್‌ಗಳು ಹೊಸದಾಗಿ ಕಟ್ಟಿಕೊಂಡಿದ್ದಾರೆ. ಸಮಚಿತ್ತವೆಂಬುದು ಇಲ್ಲಿ ಕಲಿತು, ತಿದ್ದಿ, ಒಬ್ಬರಿಂದೊಬ್ಬರು ಪಡೆದುಕೊಂಡ ವಿದ್ಯೆ.

ಇಂಗ್ಲೆಂಡಿನ ಸಿರಿವಂತರ ಮನೆಗಳಲ್ಲಿ ಊಟದ ಮೇಜಿನ ಮೇಲೆ ಹುಟ್ಟಿದ ಈ ಆಟ 20ನೇ ಶತಮಾನದ ಮೊದಲ ವರ್ಷಗಳಲ್ಲಿ ಸೆಲ್ಯುಲಾಯ್ಡ್ ಚೆಂಡು, ಗುಬುಟು ರಬ್ಬರಿನ ಬ್ಯಾಟುಗಳನ್ನು ಪಡೆಯಿತು. 1926ರಲ್ಲಿ ಅಂತರರಾಷ್ಟ್ರೀಯ ಟೇಬಲ್ ಟೆನಿಸ್ ಫೆಡರೇಷನ್ ಸ್ಥಾಪನೆಯಾಗಿ, ಅದೇ ವರ್ಷದ ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ಇಂಗ್ಲೆಂಡಿನಲ್ಲಿದ್ದ ಭಾರತೀಯರ ತಂಡವೂ ಅಲ್ಲಿ ಆಡಿತ್ತು. ಅಲ್ಲಿಯವರೆಗೆ ವಿನೋದವಾಗಿದ್ದ ಆಟದಲ್ಲಿ ಗೆಲುವು ಸೋಲಿಗೆ ದೇಶದ ಹೆಸರು ಅಂಟಿಕೊಂಡಿತು. ಅಳುಕಿಗೆ ನಿಜವಾದ ಕಾರಣ ಹುಟ್ಟಿದ್ದು ಆಗ.

ಆ ಕಾಲದ ಅಂಜಿಕೆಯ ರೂಪ ಇಂದಿನವರಿಗೆ ಊಹಿಸುವುದೂ ಕಷ್ಟ. ಬಲೆ ಈಗಿನದಕ್ಕಿಂತ ಎತ್ತರವಾಗಿತ್ತು, ರಬ್ಬರಿಗೆ ವೇಗವಿರಲಿಲ್ಲ. ಆಕ್ರಮಣ ಮಾಡಿದವನೇ ತಪ್ಪು ಮಾಡುವ ಸಂಭವ ಹೆಚ್ಚು. ಹಾಗಾಗಿ ಇಬ್ಬರೂ ಆಟಗಾರರು ಚೆಂಡನ್ನು ತಳ್ಳುತ್ತಾ, ಎದುರಾಳಿಯ ತಾಳ್ಮೆ ಮುಗಿಯುವುದನ್ನೇ ಕಾಯುತ್ತಾ ನಿಲ್ಲುತ್ತಿದ್ದರು. 1936ರ ಪ್ರಾಗ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಪೋಲೆಂಡಿನ ಅಲೋಯ್ಜಿ ಎರ್ಲಿಕ್ ಮತ್ತು ರುಮೇನಿಯಾದ ಫರ್ಕಾಸ್ ಪಾನೆತ್ ಆಡಿದ ಪಂದ್ಯದ ಮೊದಲ ಪಾಯಿಂಟ್ ಮುಗಿಯಲು ಎರಡು ಗಂಟೆಗೂ ಹೆಚ್ಚು ಸಮಯ ಹಿಡಿಯಿತು. ಒಂದೇ ಒಂದು ಪಾಯಿಂಟ್! ಅದೇ ಕೂಟದಲ್ಲಿ ಆಸ್ಟ್ರಿಯಾ ಮತ್ತು ರುಮೇನಿಯಾ ನಡುವಣ ತಂಡ ಪಂದ್ಯವನ್ನು ಒಂದೇ ಬೈಠಕ್ಕಿನಲ್ಲಿ ಮುಗಿಸಲಾಗದೆ ಮುಂದುವರಿಸಬೇಕಾಯಿತು. ಮರುವರ್ಷ ಆಸ್ಟ್ರಿಯಾದ ಬಾಡೆನ್‌ನಲ್ಲಿ ಮಹಿಳೆಯರ ಸಿಂಗಲ್ಸ್ ಫೈನಲ್ ನಿಗದಿತ ಸಮಯ ಮೀರಿತೆಂದು ಅಮೆರಿಕದ ರೂತ್ ಆರನ್ಸ್ ಮತ್ತು ಆಸ್ಟ್ರಿಯಾದ ಟ್ರೂಡೆ ಪ್ರಿಟ್ಸಿ ಇಬ್ಬರನ್ನೂ ಅನರ್ಹಗೊಳಿಸಲಾಯಿತು. ಆ ವರ್ಷದ ಪಟ್ಟ ಖಾಲಿ ಉಳಿಯಿತು. ಇಬ್ಬರನ್ನೂ ಜಂಟಿ ಚಾಂಪಿಯನ್‌ಗಳೆಂದು ಫೆಡರೇಷನ್ ಒಪ್ಪಿಕೊಂಡದ್ದು 2001ರಲ್ಲಿ, 64 ವರ್ಷಗಳ ನಂತರ.

ಹೊರಗಿನಿಂದ ನೋಡಿದರೆ ಇದು ತಾಳ್ಮೆಯ ಪರಾಕಾಷ್ಠೆ. ಒಳಗಿನಿಂದ ನೋಡಿದರೆ ಭಯದ ಪರಾಕಾಷ್ಠೆ ಎನ್ನುವುದೇ ಸರಿ. ಹೊಡೆದರೆ ತಪ್ಪಬಹುದೆಂಬ ಅಂಜಿಕೆ ಇಬ್ಬರ ಕೈಯನ್ನೂ ಕಟ್ಟಿಹಾಕಿತ್ತು. ಮದ್ದು ಆಟಗಾರರ ಮನಸ್ಸಿನಿಂದ ಬರಲಿಲ್ಲ, ನಿಯಮದಿಂದ ಬಂತು. ಬಲೆಯನ್ನು ಇಂದಿನ ಎತ್ತರಕ್ಕೆ ಇಳಿಸಲಾಯಿತು, ಪಂದ್ಯಕ್ಕೆ ಕಾಲಮಿತಿ ಬಂತು, ಮುಂದೆ ಎಕ್ಸ್‌ಪಿಡೈಟ್ ನಿಯಮ ಜಾರಿಯಾಯಿತು. ಈಗ ಒಂದು ಗೇಮ್ ಹತ್ತು ನಿಮಿಷದಲ್ಲಿ ಮುಗಿಯದಿದ್ದರೆ ಈ ನಿಯಮ ಕೆಲಸ ಶುರುಮಾಡುತ್ತದೆ. ಬಳಿಕ ಸರ್ವ್ ಪಡೆದವರು ಚೆಂಡನ್ನು 13 ಬಾರಿ ಸರಿಯಾಗಿ ಹಿಂದಿರುಗಿಸಿದರೆ ಪಾಯಿಂಟ್ ಅವರದೇ. ಕಾಯುತ್ತಾ ಕೂರುವುದಕ್ಕೆ ಬೆಲೆ ಇಲ್ಲದಂತಾದ ಮೇಲೆ ಹೊಡೆಯುವ ಎದೆಗಾರಿಕೆಗೆ ಬೆಲೆ ಬಂತು.

ಮುಂದಿನ ದೊಡ್ಡ ತಿರುವು ಭಾರತದ ನೆಲದಲ್ಲೇ ಆಯಿತು. 1952ರ ಫೆಬ್ರವರಿಯಲ್ಲಿ ಬೊಂಬಾಯಿಯಲ್ಲಿ ನಡೆದದ್ದು ಏಷ್ಯಾದ ಮೊದಲ ವಿಶ್ವ ಚಾಂಪಿಯನ್‌ಷಿಪ್. ಜಪಾನ್ ವಿಶ್ವ ಕೂಟಕ್ಕೆ ಕಾಲಿಟ್ಟದ್ದೂ ಅದೇ ಮೊದಲು. ಆ ತಂಡದಲ್ಲಿ ಹಿರೋಜಿ ಸಾತೋ ಎಂಬ ಕನ್ನಡಕಧಾರಿ, ಸಣ್ಣ ಮೈಕಟ್ಟಿನ ಆಟಗಾರನಿದ್ದ. ಆತನ ಕೈಯಲ್ಲಿದ್ದದ್ದು ದಪ್ಪ ಸ್ಪಂಜು ಅಂಟಿಸಿದ ಬ್ಯಾಟು. ಅಂದಿನ ಗಟ್ಟಿ ರಬ್ಬರಿನ ಬ್ಯಾಟಿಗೆ ಚೆಂಡು ತಾಗಿದರೆ ಟಕ್ಕೆಂದು ಸದ್ದಾಗುತ್ತಿತ್ತು. ಆ ಸದ್ದಿನ ಮೇಲೆಯೇ ಎದುರಾಳಿ ಹೊಡೆತದ ಬಿರುಸನ್ನು ಅಳೆಯುತ್ತಿದ್ದ, ತನ್ನ ಲಯವನ್ನು ಕೂಡಿಸಿಕೊಳ್ಳುತ್ತಿದ್ದ. ಸಾತೋ ಬ್ಯಾಟಿನಿಂದ ಸದ್ದೇ ಬರಲಿಲ್ಲ. ಚೆಂಡು ಸ್ಪಂಜಿನೊಳಗೆ ಹೂತು, ನಿಶ್ಶಬ್ದವಾಗಿ, ನಿರೀಕ್ಷೆಗಿಂತ ಬೇಗ ಹಿಂದೆ ಬರುತ್ತಿತ್ತು. ಪಟ್ಟಕ್ಕೆ ಹೆಸರಾಗಿದ್ದ ಅಮೆರಿಕದ ಮಾರ್ಟಿ ರೈಸ್‌ಮನ್ ಅವನ ಮುಂದೆ ಸೋತ. ಫೈನಲ್‌ನಲ್ಲಿ ಹಂಗೆರಿಯ ಯೋಜೆಫ್ ಕೋಚಿಯಾನ್ ಸೋತ. ಇವರಾರೂ ಅಳ್ಳೆದೆಯವರಲ್ಲ. ಹಣ ಕಟ್ಟಿ ಆಡುವ ನ್ಯೂಯಾರ್ಕಿನ ಅಡ್ಡೆಗಳಲ್ಲಿ ಪಳಗಿದ್ದ ರೈಸ್‌ಮನ್ ಒತ್ತಡವನ್ನೇ ಉಂಡು ಬೆಳೆದವನು. ಅಂಥವನನ್ನು ಕಲಕಿದ್ದು ಸಾತೋನ ಹೊಡೆತದ ಬಿರುಸಿಗಿಂತ ಹೆಚ್ಚಾಗಿ ಅದರ ಅಪರಿಚಿತತೆ. ಆಟಗಾರನ ನೆಮ್ಮದಿ ಎಷ್ಟರಮಟ್ಟಿಗೆ ಪರಿಚಿತ ಸದ್ದು, ಪರಿಚಿತ ಪುಟಿತಗಳ ಮೇಲೆ ನಿಂತಿರುತ್ತದೆ ಎಂಬುದು ಬೊಂಬಾಯಿಯಲ್ಲಿ ಮೊದಲ ಬಾರಿಗೆ ಎಲ್ಲರ ಕಣ್ಣಿಗೂ ಕಂಡಿತು.

ಆ ಪಾಠವನ್ನು ಚೆನ್ನಾಗಿ ಕಲಿತವರು ಪೂರ್ವ ಏಷ್ಯಾದವರು. 1954ರಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ಯುದ್ಧದ ಕಹಿ ಇನ್ನೂ ಮಾಸಿರದ ಪ್ರೇಕ್ಷಕರ ಮುಂದೆ ಆಡಿ ಗೆದ್ದ ಇಚಿರೋ ಒಗಿಮುರಾ, 1956ರಲ್ಲಿ ಟೋಕಿಯೊದಲ್ಲಿ ಮತ್ತೆ ಗೆದ್ದ. ಒಟ್ಟು 12 ವಿಶ್ವ ಪ್ರಶಸ್ತಿಗಳ ಒಡೆಯನಾದ ಆತ ಅಭ್ಯಾಸವನ್ನು ದಿನಚರಿಯ ವ್ರತದಂತೆ ನಡೆಸಿದವನು. ಓಟ, ಕಾಲಿನ ಬಲ, ಒಂದೇ ಹೊಡೆತದ ಸಾವಿರಾರು ಪುನರಾವರ್ತನೆ. ಕೈ ತಾನಾಗಿಯೇ ಕೆಲಸ ಮಾಡುವಷ್ಟು ಹೊಡೆತವನ್ನು ಮೈಗೂಡಿಸಿಕೊಂಡರೆ ಅಂಜಿಕೆ ನುಗ್ಗಲು ಜಾಗವಿರುವುದಿಲ್ಲ ಎಂಬ ತಿಳಿವಳಿಕೆ ಈ ಕಟ್ಟುನಿಟ್ಟಿನ ಹಿಂದಿತ್ತು. ಮುಂದೆ ಒಗಿಮುರಾ ಸ್ವೀಡನ್ನಿಗೆ ಹೋಗಿ ಕಲಿಸಿದ, ಚೀನಾಕ್ಕೂ ಹೋಗಿಬಂದ. ಈ ಆಟದ ಎರಡು ದೊಡ್ಡ ಪರಂಪರೆಗಳ ಬೇರಿನಲ್ಲಿ ಅವನ ಪಾಲಿದೆ.

ಚೀನಾದ ಕಥೆ 1959ರಲ್ಲಿ ಶುರುವಾಗುತ್ತದೆ. ಜರ್ಮನಿಯ ಡಾರ್ಟ್‌ಮಂಡ್‌ನಲ್ಲಿ ಹಂಗೆರಿಯ ಫೆರೆಂಕ್ ಶಿಡೋನನ್ನು ಮಣಿಸಿದ ರೋಂಗ್ ಗುವೊತುವಾನ್, ಯಾವುದೇ ಕ್ರೀಡೆಯಲ್ಲಿ ಚೀನಾದ ಮೊದಲ ವಿಶ್ವ ಚಾಂಪಿಯನ್. ಎರಡು ವರ್ಷ ಕಳೆದು 1961ರ ವಸಂತದಲ್ಲಿ ವಿಶ್ವ ಕೂಟ ಬೀಜಿಂಗ್‌ಗೇ ಬಂತು. ದೇಶ ಭೀಕರ ಬರಗಾಲದಲ್ಲಿತ್ತು. ಹೊಸದಾಗಿ ಕಟ್ಟಿದ ಕಾರ್ಮಿಕರ ಒಳಾಂಗಣ ಕ್ರೀಡಾಂಗಣದಲ್ಲಿ ಸುಮಾರು 15,000 ಜನ ಸೇರುತ್ತಿದ್ದರು. ಇಷ್ಟರ ನಡುವೆ ಜಪಾನಿಗಳು ಹೊಸ ಹೊಡೆತವೊಂದನ್ನು ಕಂಡುಕೊಂಡಿದ್ದಾರೆ, ಚೆಂಡು ಕಮಾನಿನಂತೆ ಬಂದು ಮೇಜಿನ ಮೇಲೆ ಬಿದ್ದೊಡನೆ ಚಿಮ್ಮುತ್ತದೆ ಎಂಬ ಸುದ್ದಿ ಹಬ್ಬಿತು. ಇಂದು ಲೂಪ್ ಎಂದು ಪ್ರತಿ ಕ್ಲಬ್ಬಿನ ಹುಡುಗನಿಗೂ ಗೊತ್ತಿರುವ ಹೊಡೆತ ಅದು. ಅಂದು ಅದರ ಹೆಸರೇ ಚೀನೀ ಪಾಳೆಯದಲ್ಲಿ ತಳಮಳ ಎಬ್ಬಿಸಿತ್ತು.

ಚೀನೀಯರು ಹುಡುಕಿದ ದಾರಿ ಸರಳ, ಆದರೆ ತ್ಯಾಗ ಬೇಡುವಂಥದ್ದು. ತಂಡದ ಕೆಲವು ಆಟಗಾರರು ತಮ್ಮ ಸ್ವಂತ ಆಟವನ್ನು ಬದಿಗಿಟ್ಟು, ಜಪಾನಿಗಳ ಹೊಡೆತವನ್ನೇ ಕಲಿತು, ದಿನವಿಡೀ ತಮ್ಮ ಸಹ ಆಟಗಾರರಿಗೆ ಆಡಿಸಿದರು. ಕೂಟ ಬರುವ ಹೊತ್ತಿಗೆ ಹೊಸ ಹೊಡೆತ ಹಳತಾಗಿತ್ತು. ಎದುರಾಳಿಯ ಪ್ರತಿರೂಪವನ್ನು ಮನೆಯಲ್ಲೇ ತಯಾರಿಸಿಕೊಳ್ಳುವ ಈ ಪದ್ಧತಿ ಇಂದಿಗೂ ಚೀನೀ ತಂಡದ ಬೆನ್ನೆಲುಬು. ವಿದೇಶಿ ಆಟಗಾರರ ಸರ್ವ್, ಹಿಡಿತ, ರಬ್ಬರು ಎಲ್ಲವನ್ನೂ ನಕಲು ಮಾಡಿ ಆಡಿಸುವ ಜೊತೆಗಾರರ ಹೆಸರು ಪದಕ ಪಟ್ಟಿಯಲ್ಲಿ ಇರುವುದಿಲ್ಲ. ಚಾಂಪಿಯನ್ನರ ಸಮಚಿತ್ತಕ್ಕೆ ಬೆಲೆ ತೆತ್ತವರು ಅವರು ಎಂಬುದನ್ನು ಚರಿತ್ರೆ ಬರೆಯುವವರು ಮರೆಯಬಾರದು.

ಬೀಜಿಂಗ್‌ನ ಪುರುಷರ ತಂಡ ಫೈನಲ್ ಇಂದಿಗೂ ಮಾತಿನಲ್ಲಿದೆ. ಒಬ್ಬೊಬ್ಬರೂ ಎದುರು ತಂಡದ ಮೂವರೊಡನೆ ಆಡಬೇಕಾದ, ಒಂಬತ್ತು ಸಿಂಗಲ್ಸ್‌ಗಳ ಪದ್ಧತಿ ಅಂದಿನದು. ಚೀನಾದ ಶು ಯಿನ್‌ಶೆಂಗ್ ಜಪಾನಿನ ಹೋಶಿನೋ ವಿರುದ್ಧ ನಿರ್ಣಾಯಕ ಘಟ್ಟದಲ್ಲಿ ಒಂದೇ ರ‍್ಯಾಲಿಯಲ್ಲಿ ಹನ್ನೆರಡು ಸ್ಮ್ಯಾಷ್ ಹೊಡೆದ. ಹೋಶಿನೋ ಹಿಂದೆ ಹಿಂದೆ ಸರಿದು ಒಂದೊಂದನ್ನೂ ಎತ್ತಿ ಹಿಂದಿರುಗಿಸುತ್ತಲೇ ಇದ್ದ, ಪ್ರೇಕ್ಷಕರು ಪ್ರತಿ ಹೊಡೆತಕ್ಕೂ ಕೂಗುತ್ತಿದ್ದರು. ಅಂಜಿದ ಕೈಯಾಗಿದ್ದರೆ ಮೂರನೆಯದಕ್ಕೋ ನಾಲ್ಕನೆಯದಕ್ಕೋ ಹೆಚ್ಚು ಬಲ ಹಾಕಿ ಚೆಂಡನ್ನು ಹೊರಗೆ ಕಳಿಸುತ್ತಿತ್ತು. ಶು ಹನ್ನೆರಡಕ್ಕೂ ಒಂದೇ ಅಳತೆ ಇಟ್ಟ. ರೋಂಗ್‌ನ ಪಾಡು ಬೇರೆ. ವಿಶ್ವ ಚಾಂಪಿಯನ್ ಎನಿಸಿಕೊಂಡಿದ್ದ ಆತ ಆ ಸಂಜೆ ಎರಡು ಪಂದ್ಯ ಸೋತಿದ್ದ. ಎಂಟನೇ ಪಂದ್ಯಕ್ಕೆ ಮತ್ತೆ ಅವನ ಸರದಿ. ಬದುಕಿನಲ್ಲಿ ಇಂಥ ಹೋರಾಟದ ಗಳಿಗೆ ಎಷ್ಟು ಬಾರಿ ಸಿಕ್ಕೀತು ಎಂಬರ್ಥದ ಅವನ ಮಾತು ಚೀನಾದಲ್ಲಿ ಗಾದೆಯಾಗಿಹೋಗಿದೆ. ರೋಂಗ್ ಹೋಶಿನೋನನ್ನು ಸೋಲಿಸಿದ, ಚೀನಾ 5-3ರಿಂದ ಗೆದ್ದಿತು.

ಸೋಲಿನ ಭಯದ ಬಗ್ಗೆ ತಂಡವೊಂದು ಕೂತು ಯೋಚಿಸಿದ ದಾಖಲೆಯೂ ಚೀನಾದಲ್ಲೇ ಸಿಗುತ್ತದೆ. ಅಲ್ಲಿನ ಮಹಿಳಾ ತಂಡ ಜಪಾನಿನ ಎದುರು ಮತ್ತೆ ಮತ್ತೆ ಮುಗ್ಗರಿಸುತ್ತಿತ್ತು. 1957ರಿಂದ 1963ರವರೆಗೆ ನಾಲ್ಕು ಬಾರಿಯೂ ಮಹಿಳೆಯರ ತಂಡ ಪ್ರಶಸ್ತಿ ಜಪಾನಿನದೇ. 1964ರಲ್ಲಿ ಶು ಯಿನ್‌ಶೆಂಗ್ ಮಹಿಳಾ ಆಟಗಾರ್ತಿಯರ ಮುಂದೆ ಟೇಬಲ್ ಟೆನಿಸ್ ಆಡುವುದು ಹೇಗೆ ಎಂಬ ವಿಷಯವಾಗಿ ಮಾತಾಡಿದ. ಸ್ವಂತ ತಲೆಯಿಂದ ಯೋಚಿಸಬೇಕು, ಕಷ್ಟದ ಗಳಿಗೆಯಲ್ಲಿ ಕೋಚ್ ಮುಖ ನೋಡುತ್ತಾ ನಿಲ್ಲಬಾರದು, ಸೋತರೆ ಏನಾದೀತೋ ಎಂಬ ಚಿಂತೆಯೇ ಸೋಲಿಸುತ್ತದೆ ಎಂಬುದು ಆ ಮಾತಿನ ಸಾರ. ಅದರ ಬರಹರೂಪವನ್ನು ಓದಿದ ಮಾವೋ 1965ರ ಜನವರಿಯಲ್ಲಿ ಮೆಚ್ಚಿ ಟಿಪ್ಪಣಿ ಬರೆದದ್ದರಿಂದ ಅದು ಇಡೀ ದೇಶಕ್ಕೇ ಹಂಚಿಕೆಯಾಯಿತು. ರಾಜಕೀಯದ ಬಣ್ಣವನ್ನು ಬದಿಗಿಟ್ಟು ಓದಿದರೂ ಅದರಲ್ಲಿ ಕ್ರೀಡಾ ಮನಶ್ಶಾಸ್ತ್ರ ಎಂಬ ವಿಭಾಗ ಬಹುತೇಕ ದೇಶಗಳಲ್ಲಿ ಹುಟ್ಟುವ ಮೊದಲೇ ಮೂಡಿದ ಗಟ್ಟಿ ತಿಳಿವಳಿಕೆ ಇದೆ. ಅದೇ ವರ್ಷ ಯುಗೋಸ್ಲಾವಿಯಾದ ಲ್ಯುಬ್ಲಿಯಾನಾದಲ್ಲಿ ಚೀನಾ ಜಪಾನನ್ನು ಫೈನಲ್‌ನಲ್ಲಿ 3-0 ಮಣಿಸಿತು. ಚಾಪ್ ಆಡುವ ಇಬ್ಬರು ರಕ್ಷಣಾತ್ಮಕ ಆಟಗಾರ್ತಿಯರಾದ ಲಿನ್ ಹುಯಿಚಿಂಗ್ ಮತ್ತು ಝೆಂಗ್ ಮಿನ್‌ಝಿಯನ್ನು ಅನಿರೀಕ್ಷಿತವಾಗಿ ಕಣಕ್ಕಿಳಿಸಿದ್ದು ಜಪಾನಿಗಳನ್ನು ಗಲಿಬಿಲಿಗೊಳಿಸಿತು. ಆ ತಂಡದ ಕೋಚ್ ರೋಂಗ್ ಗುವೊತುವಾನ್.

ಮೇಜಿನ ಮುಂದೆ ಧೃತಿಗೆಡದ ಆ ರೋಂಗ್, ಸಾಂಸ್ಕೃತಿಕ ಕ್ರಾಂತಿಯ ಕಿರುಕುಳ ತಾಳಲಾರದೆ 1968ರಲ್ಲಿ ಪ್ರಾಣ ಕಳೆದುಕೊಂಡ. ಆಟದ ಒತ್ತಡವನ್ನು ಅಭ್ಯಾಸದಿಂದ ಗೆಲ್ಲಬಹುದು. ಪ್ರಭುತ್ವದ ಕ್ರೌರ್ಯಕ್ಕೆ ಅಂಥ ಅಭ್ಯಾಸವಿಲ್ಲ. ಚೀನೀ ಯಶಸ್ಸನ್ನು ಹೊಗಳುವ ಬರಹಗಳಲ್ಲಿ ಈ ಸಾವು ಒಂದು ಸಾಲಿನಲ್ಲಿ ಮುಗಿದುಹೋಗುವುದು ನ್ಯಾಯವಲ್ಲ.

ಸ್ವೀಡನ್ನಿನ ಹಾದಿ ಬೇರೆ. ಅಲ್ಲಿ ಆಟ ಬೆಳೆದದ್ದು ಊರೂರಿನ ಕ್ಲಬ್ಬುಗಳಲ್ಲಿ. ಜಪಾನಿಗೆ ಹೋಗಿ ಅಭ್ಯಾಸ ಮಾಡಿಬಂದ ಸ್ಟೆಲ್ಲಾನ್ ಬೆಂಗ್ಟ್‌ಸನ್ 1971ರಲ್ಲಿ, ಇನ್ನೂ 18ರ ಹರೆಯದಲ್ಲಿ, ನಾಗೋಯಾದಲ್ಲಿ ವಿಶ್ವ ಚಾಂಪಿಯನ್ ಆದ. ಮುಂದಿನ ಪೀಳಿಗೆಯ ಯಾನ್-ಓವೆ ವಾಲ್ಡ್‌ನರ್ ಹದಿಹರೆಯದಲ್ಲೇ ಚೀನಾಕ್ಕೆ ಹೋಗಿ ಅಲ್ಲಿನವರೊಡನೆ ಆಡಿದ. ಎದುರಾಳಿಯ ಮನೆಗೇ ಹೋಗಿ ಅವನ ಆಟವನ್ನು ಪರಿಚಯ ಮಾಡಿಕೊಳ್ಳುವುದು ಸ್ವೀಡಿಷ್ ಉಪಾಯ. ಮೇಜಿನ ಮುಂದೆ ನಗುತ್ತಾ, ಕೊನೆಯ ಗಳಿಗೆಯಲ್ಲೂ ಹೊಸ ಸರ್ವ್ ಪ್ರಯೋಗಿಸುತ್ತಾ ಆಡುವ ವಾಲ್ಡ್‌ನರ್ ತಣ್ಣನೆಯ ತಲೆಗೆ ಇನ್ನೊಂದು ಹೆಸರಾದ.

ಆದರೆ ಆ ವಾಲ್ಡ್‌ನರ್ ಕೂಡ ಕೈಯಲ್ಲಿದ್ದದ್ದನ್ನು ಕಳೆದುಕೊಂಡಿದ್ದ. 1987ರ ವಿಶ್ವ ಚಾಂಪಿಯನ್‌ಷಿಪ್ ಹೊಸದಿಲ್ಲಿಯ ಇಂದಿರಾ ಗಾಂಧಿ ಒಳಾಂಗಣ ಕ್ರೀಡಾಂಗಣದಲ್ಲಿ ನಡೆಯಿತು. ಸಿಂಗಲ್ಸ್ ಫೈನಲ್‌ನಲ್ಲಿ ಅವನ ಎದುರು ಹಿಂದಿನ ಚಾಂಪಿಯನ್, ಚೀನಾದ ಜಿಯಾಂಗ್ ಜಿಯಾಲಿಯಾಂಗ್. ಎರಡು ಗೇಮ್ ಜಿಯಾಂಗ್‌ನದು, ಒಂದು ವಾಲ್ಡ್‌ನರ್‌ನದು. ನಾಲ್ಕನೇ ಗೇಮಿನಲ್ಲಿ ವಾಲ್ಡ್‌ನರ್ 20-16ರಿಂದ ಮುಂದಿದ್ದ. ಇನ್ನೊಂದು ಪಾಯಿಂಟ್ ಸಿಕ್ಕಿದ್ದರೆ ಐದನೇ ಗೇಮ್. ಜಿಯಾಂಗ್ ನಾಲ್ಕೂ ಗೇಮ್ ಪಾಯಿಂಟ್‌ಗಳನ್ನು ಅಳಿಸಿಹಾಕಿ, 24-22ರಿಂದ ಗೇಮನ್ನೂ ಪಟ್ಟವನ್ನೂ ಗೆದ್ದ. ಗೆದ್ದ ರಭಸಕ್ಕೆ ಮೇಜಿನ ಮೇಲೇ ಹತ್ತಿದ. ಮುಂದಿದ್ದವನ ಮನಸ್ಸು ಮುಗಿಸುವ ಆತುರಕ್ಕೆ ಬೀಳುತ್ತದೆ, ಹಿಂದಿದ್ದವನಿಗೆ ಕಳೆದುಕೊಳ್ಳಲು ಏನೂ ಉಳಿದಿರುವುದಿಲ್ಲ. ಟಿಟಿ ಆಡುವವರೆಲ್ಲ ಒಮ್ಮೆಯಾದರೂ ಅನುಭವಿಸಿರುವ ಈ ಸ್ಥಿತಿ ದಿಲ್ಲಿಯಲ್ಲಿ ಅತ್ಯಂತ ಎತ್ತರದ ಮಟ್ಟದಲ್ಲಿ ನಡೆದುಹೋಯಿತು. ವಾಲ್ಡ್‌ನರ್ ಎದೆಗುಂದಲಿಲ್ಲ. 1989ರಲ್ಲಿ ಡಾರ್ಟ್‌ಮಂಡ್‌ನಲ್ಲಿ ಸ್ವೀಡನ್ ಚೀನಾವನ್ನು ತಂಡ ಫೈನಲ್‌ನಲ್ಲಿ 5-0 ಸೋಲಿಸಿತು, ಅವನು ಸಿಂಗಲ್ಸ್ ಪಟ್ಟವನ್ನೂ ಗೆದ್ದ. 1992ರ ಬಾರ್ಸಿಲೋನಾ ಒಲಿಂಪಿಕ್ಸ್ ಚಿನ್ನ ಅವನದಾಯಿತು. 1997ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಒಂದೂ ಗೇಮ್ ಬಿಟ್ಟುಕೊಡದೆ ಮತ್ತೆ ವಿಶ್ವ ಚಾಂಪಿಯನ್ ಆದ.

ಈ ನಡುವೆ ಎದುರಾಳಿಯನ್ನು ಕಲಕುವ ಕುಶಲತೆಗಳೂ ಬೆಳೆಯುತ್ತಿದ್ದವು. 1970ರ ದಶಕದಲ್ಲಿ ಬ್ಯಾಟಿನ ಎರಡು ಬದಿಗೆ ನೋಡಲು ಒಂದೇ ಥರದ, ಗುಣದಲ್ಲಿ ಬೇರೆಬೇರೆಯಾದ ರಬ್ಬರು ಅಂಟಿಸಿ, ಆಡುತ್ತಾ ಆಡುತ್ತಾ ಬ್ಯಾಟನ್ನು ಕೈಯಲ್ಲೇ ತಿರುಗಿಸುವುದು ಚಾಲ್ತಿಗೆ ಬಂತು. ಬಂದ ಚೆಂಡಿನಲ್ಲಿ ಸ್ಪಿನ್ ಇದೆಯೋ ಇಲ್ಲವೋ ತಿಳಿಯದೆ ಒಳ್ಳೊಳ್ಳೆಯ ಆಟಗಾರರೂ ಎಡವುತ್ತಿದ್ದರು. ಎರಡು ಬದಿಗೆ ಬೇರೆ ಬಣ್ಣವಿರಬೇಕು, ಒಂದು ಕೆಂಪು, ಇನ್ನೊಂದು ಕಪ್ಪು ಎಂಬ ನಿಯಮ 1980ರ ದಶಕದಲ್ಲಿ ಬಂದ ಮೇಲೆ ಆ ಗೊಂದಲ ತೀರಿತು. ಆಮೇಲೆ ಸರ್ವ್ ಮಾಡುವಾಗ ಚೆಂಡು ಬ್ಯಾಟಿಗೆ ತಾಗುವ ಗಳಿಗೆಯನ್ನು ತೋಳಿನಿಂದಲೋ ಮೈಯಿಂದಲೋ ಮರೆಮಾಡುವ ಚಾಲಾಕಿತನ ಹಬ್ಬಿತು; ಅದನ್ನು 2002ರಲ್ಲಿ ನಿಷೇಧಿಸಲಾಯಿತು. ಈ ಎರಡೂ ನಿಯಮಗಳ ಆಶಯ ಒಂದೇ: ಸೋಲು ಗೆಲುವನ್ನು ಕೈಚಳಕ ತೀರ್ಮಾನಿಸಬೇಕು, ಕಣ್ಕಟ್ಟು ತೀರ್ಮಾನಿಸಬಾರದು.

ಕಣದಲ್ಲಿ ಅನುಭವದಿಂದ ಕಂಡುಕೊಂಡದ್ದನ್ನು ವಿಜ್ಞಾನ ತಡವಾಗಿ ವಿವರಿಸಿತು. ಉದ್ವೇಗ ತೀರಾ ಕಡಿಮೆಯಿದ್ದರೂ ಕೆಲಸ ಕೆಡುತ್ತದೆ, ತೀರಾ ಹೆಚ್ಚಾದರೂ ಕೆಡುತ್ತದೆ ಎಂಬ ತತ್ವಕ್ಕೆ ಆಧಾರವಾದ ರಾಬರ್ಟ್ ಯರ್ಕ್ಸ್ ಮತ್ತು ಜಾನ್ ಡಾಡ್ಸನ್ ಅವರ ಪ್ರಯೋಗ 1908ರದು, ಅದು ನಡೆದದ್ದು ಇಲಿಗಳ ಮೇಲೆ. ಒತ್ತಡ ಬಂದಾಗ ಮನುಷ್ಯ ತನ್ನದೇ ಚಲನೆಯನ್ನು ಗಮನಿಸಲು ತೊಡಗುತ್ತಾನೆ, ಅದರಿಂದಲೇ ಪಳಗಿದ ಕೆಲಸ ಕೆಡುತ್ತದೆ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ರಾಯ್ ಬೌಮೈಸ್ಟರ್ 1984ರಲ್ಲಿ ತೋರಿಸಿದರು. 2001ರಲ್ಲಿ ಸಿಯಾನ್ ಬೈಲಾಕ್ ಮತ್ತು ಥಾಮಸ್ ಕಾರ್ ಗಾಲ್ಫ್ ಆಟವನ್ನು ಇಟ್ಟುಕೊಂಡು ಅದನ್ನೇ ಇನ್ನಷ್ಟು ಖಚಿತಪಡಿಸಿದರು. ಮೆಟ್ಟಿಲಿಳಿಯುವಾಗ ಪ್ರತಿ ಹೆಜ್ಜೆಯನ್ನೂ ಯೋಚಿಸಿ ಇಡಹೊರಟವನ ಕಾಲು ತಡವರಿಸುವ ಹಾಗೆ, ಕೈ ತಾನಾಗಿ ಮಾಡುತ್ತಿದ್ದ ಹೊಡೆತಕ್ಕೆ ಬುದ್ಧಿ ಅಡ್ಡ ಬರುತ್ತದೆ.

ಟೇಬಲ್ ಟೆನಿಸ್‌ನಲ್ಲಿ ಇದಕ್ಕೆ ಮನಮುಟ್ಟುವ ಸಾಕ್ಷಿ ಇಂಗ್ಲೆಂಡಿನ ಮ್ಯಾಥ್ಯೂ ಸೈಯದ್. ಮೂರು ಬಾರಿ ಕಾಮನ್‌ವೆಲ್ತ್ ಚಾಂಪಿಯನ್ ಆಗಿದ್ದ ಆತ 2000ದ ಸಿಡ್ನಿ ಒಲಿಂಪಿಕ್ಸ್‌ಗೆ ವರ್ಷಗಳ ತಯಾರಿಯೊಂದಿಗೆ ಹೋಗಿದ್ದ. ಜರ್ಮನಿಯ ಪೀಟರ್ ಫ್ರಾಂಜ್ ಎದುರು ಆಡತೊಡಗಿದಾಗ ಕೈಕಾಲು ಮಾತು ಕೇಳಲಿಲ್ಲ; ಸಾವಿರಾರು ಬಾರಿ ಹೊಡೆದಿದ್ದ ಹೊಡೆತಗಳು ಹೊಸಬನ ಹೊಡೆತಗಳಂತಾದವು. ಮುಂದೆ ಪತ್ರಕರ್ತನಾದ ಸೈಯದ್ 2010ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಇದನ್ನು ಮುಚ್ಚುಮರೆಯಿಲ್ಲದೆ ಬರೆದ. ಉನ್ನತ ಮಟ್ಟದ ಆಟಗಾರನೊಬ್ಬ ತನ್ನ ಕುಸಿತವನ್ನು ಹೀಗೆ ತೆರೆದಿಟ್ಟದ್ದು ಮುಂದಿನವರಿಗೆ ಆದ ದೊಡ್ಡ ಉಪಕಾರ.

ಸಿಡ್ನಿಯ ಬೆನ್ನಿಗೇ ಆಟದ ಅಳತೆಗಳು ಬದಲಾದವು. 2000ದ ಅಕ್ಟೋಬರಿನಲ್ಲಿ ಚೆಂಡಿನ ವ್ಯಾಸ 38ರಿಂದ 40 ಮಿಲಿಮೀಟರ್‌ಗೆ ಏರಿತು. 2001ರ ಸೆಪ್ಟೆಂಬರಿನಲ್ಲಿ 21 ಪಾಯಿಂಟ್‌ಗಳ ಗೇಮ್ 11ಕ್ಕೆ ಇಳಿಯಿತು. ಹಳೆಯ ಪದ್ಧತಿಯ ಕೊನೆಯ ವಿಶ್ವ ಕೂಟ ಅದೇ ವರ್ಷ ಒಸಾಕಾದಲ್ಲಿ ನಡೆದದ್ದು. ಅಲ್ಲಿ ತಂಡ ಸೆಮಿಫೈನಲ್‌ನ ನಿರ್ಣಾಯಕ ಪಂದ್ಯದಲ್ಲಿ ಚೀನಾದ ಲಿಯು ಗುವೊಝೆಂಗ್, ದಕ್ಷಿಣ ಕೊರಿಯಾದ ಕಿಮ್ ತೇಕ್-ಸೂ ಎದುರು ಏಳು ಮ್ಯಾಚ್ ಪಾಯಿಂಟ್‌ಗಳನ್ನು ಉಳಿಸಿಕೊಂಡು ಗೆದ್ದ. 21ರ ಕಾಲದಲ್ಲಿ ಒಬ್ಬರಿಗೆ ಸತತ ಐದು ಸರ್ವ್ ಸಿಗುತ್ತಿತ್ತು. ಆರಂಭದ ಅಳುಕು ಇಳಿಯಲು, ತಪ್ಪು ತಿದ್ದಿಕೊಳ್ಳಲು ಬಿಡುವಿತ್ತು. 11ರ ಆಟದಲ್ಲಿ ಎರಡೆರಡೇ ಸರ್ವ್. 10-10 ಆದ ಮೇಲೆ ಒಂದೊಂದೇ. ನಾಲ್ಕು ಪಾಯಿಂಟ್ ಅಂಜಿಕೆಯಲ್ಲಿ ಕಳೆದರೆ ಗೇಮ್ ಮುಕ್ಕಾಲು ಪಾಲು ಹೋದಂತೆ. ಮೊದಲು ಗೇಮಿನ ಕೊನೆಯಲ್ಲಿ ಮಾತ್ರ ಬರುತ್ತಿದ್ದ ಒತ್ತಡ ಈಗ ಮೊದಲ ಸರ್ವ್‌ನಿಂದಲೇ ಜೊತೆಗಿರುತ್ತದೆ.

ಹೀಗಾಗಿ ಪಾಯಿಂಟ್ ಪಾಯಿಂಟ್‌ಗಳ ನಡುವಿನ ಕೆಲವೇ ಸೆಕೆಂಡುಗಳು ಅಮೂಲ್ಯವಾದವು. ಈಗಿನ ಯಾವ ದೊಡ್ಡ ಪಂದ್ಯವನ್ನು ನೋಡಿದರೂ ಒಂದು ದೃಶ್ಯ ಕಾಣುತ್ತದೆ. ಪಾಯಿಂಟ್ ಮುಗಿದೊಡನೆ ಆಟಗಾರ ಬಲೆಯ ಹತ್ತಿರದ ಮೂಲೆಗೆ ಹೋಗಿ ಅಂಗೈಯನ್ನು ಮೇಜಿನ ಮೇಲೆ ಒರೆಸುತ್ತಾನೆ. ಚೆಂಡು ಅಷ್ಟಾಗಿ ಬೀಳದ ಜಾಗ ಅದು. ಅಲ್ಲಿ ಬೆವರು ಬಿದ್ದರೂ ಆಟಕ್ಕೆ ತೊಂದರೆಯಿಲ್ಲ. ಆಮೇಲೆ ಬ್ಯಾಟಿನ ರಬ್ಬರಿನ ಮೇಲೆ ಉಸಿರೂದಿ ಕೈಯಿಂದ ಸವರುತ್ತಾನೆ, ಎರಡು ಹೆಜ್ಜೆ ಹಿಂದೆ ಬಂದು ಚೆಂಡನ್ನು ನೆಲಕ್ಕೋ ಮೇಜಿಗೋ ಪುಟಿಸುತ್ತಾನೆ, ಅಂಗೈ ಬಿಚ್ಚಿ ಚೆಂಡನ್ನಿಟ್ಟು ಒಂದು ಗಳಿಗೆ ನಿಲ್ಲುತ್ತಾನೆ. ಬೆವರು ಒರೆಸುವುದು ನೆಪ ಮಾತ್ರ. ಹೋದ ಪಾಯಿಂಟ್ ಅಲ್ಲಿಗೆ ಮುಗಿಯಿತು, ಉಸಿರು ಹತೋಟಿಗೆ ಬಂತು, ಮುಂದಿನ ಸರ್ವ್ ಯಾವುದೆಂದು ತೀರ್ಮಾನವಾಯಿತು. ಪ್ರತಿ ಆರು ಪಾಯಿಂಟ್‌ಗೊಮ್ಮೆ ಟವೆಲ್ ಬಳಸಲು ನಿಯಮವೇ ಅವಕಾಶ ಕೊಡುತ್ತದೆ. ಗೇಮ್‌ಗಳ ನಡುವೆ ಒಂದು ನಿಮಿಷ ಬಿಡುವು, ಇಡೀ ಪಂದ್ಯದಲ್ಲಿ ಒಂದೇ ಒಂದು ಟೈಮ್‌ಔಟ್. ಎದುರಾಳಿ ಸತತ ಮೂರು ಪಾಯಿಂಟ್ ಗಳಿಸಿದೊಡನೆ ಅನುಭವಿ ಕೋಚ್‌ನ ಕೈ ಟೈಮ್‌ಔಟ್ ಕಡೆಗೆ ಹೋಗುತ್ತದೆ. 2016ರ ಅಕ್ಟೋಬರಿನಿಂದ ರ‍್ಯಾಲಿ ನಡೆಯುವಾಗ ಬಿಟ್ಟು ಉಳಿದೆಲ್ಲ ಹೊತ್ತಿನಲ್ಲೂ ಕೋಚ್ ಸಲಹೆ ಕೊಡಬಹುದು.

ಗೆದ್ದ ಪಾಯಿಂಟ್‌ಗೆ ಕೂಗುವುದೂ ಇದೇ ಕೆಲಸದ ಇನ್ನೊಂದು ಮುಖ. 1990ರ ದಶಕದಲ್ಲಿ ನಾಲ್ಕು ಒಲಿಂಪಿಕ್ ಚಿನ್ನ ಗೆದ್ದ ಚೀನಾದ ಡೆಂಗ್ ಯಾಪಿಂಗ್ ಎತ್ತರ ಸುಮಾರು 150 ಸೆಂಟಿಮೀಟರ್. ಕುಳ್ಳಗಿದ್ದಾಳೆಂದು ಚಿಕ್ಕಂದಿನಲ್ಲಿ ಪ್ರಾಂತ್ಯದ ತಂಡದವರು ಬೇಡವೆಂದಿದ್ದ ಈ ಆಟಗಾರ್ತಿಯ ಗರ್ಜನೆ ಮತ್ತು ದುರುಗುಟ್ಟುವ ನೋಟಕ್ಕೆ ಎದುರಾಳಿಗಳು ಅಂಜುತ್ತಿದ್ದರು. ಜಪಾನಿನ ಐ ಫುಕುಹಾರಾ, ತೊಮೊಕಾಜು ಹರಿಮೊತೊ ಅವರ ಕೂಗುಗಳು ಅವರ ಗುರುತೇ ಆಗಿಬಿಟ್ಟವು. ಮೌನವಾಗಿ ಆಡುವ ವಾಲ್ಡ್‌ನರ್, ಕೂಗಿ ಆಡುವ ಡೆಂಗ್ ಇಬ್ಬರೂ ಒಂದೇ ಕಾಲದಲ್ಲಿ ಶಿಖರದಲ್ಲಿದ್ದರು ಎಂಬುದೇ ಸಮಚಿತ್ತಕ್ಕೆ ಒಂದೇ ಮುಖವಿಲ್ಲ ಎನ್ನುವುದಕ್ಕೆ ಸಾಕ್ಷಿ. ಉದ್ವೇಗ ಸಾಲದೆ ಆಟ ಕೆಟ್ಟದ್ದೂ ಉಂಟು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಹಿಂದಿನ ಚಾಂಪಿಯನ್ ಝಾಂಗ್ ಜಿಕೆ ತೂಕಡಿಸುವವನಂತೆ ಆಡುತ್ತಿದ್ದಾಗ ಕೋಚ್ ಲಿಯು ಗುವೊಲಿಯಾಂಗ್, ಏಳು, ಇದು ಒಲಿಂಪಿಕ್ಸ್ ಎಂದು ಗದರಿಸಬೇಕಾಯಿತು.

ಅಭ್ಯಾಸದ ಕೋಣೆಯೂ ಬದಲಾಯಿತು. ಗೇಮನ್ನು 0-0ಯಿಂದ ಶುರುಮಾಡದೆ 8-8ರಿಂದಲೋ 7-9ರಿಂದಲೋ ಆಡಿಸುವುದು ಇಂದು ಎಲ್ಲೆಡೆ ರೂಢಿ. ಬಿಗಿಯಾದ ಕೊನೆಯ ಪಾಯಿಂಟ್‌ಗಳು ವಾರಕ್ಕೆ ನೂರಾರು ಬಾರಿ ಎದುರಾದರೆ ನಿಜವಾದ ಪಂದ್ಯದಲ್ಲಿ ಅವು ಹೊಸದೆನಿಸುವುದಿಲ್ಲ. ಚೀನೀ ತಂಡ ದೊಡ್ಡ ಕೂಟಗಳಿಗೆ ಮೊದಲು ಹೊರಜಗತ್ತಿನಿಂದ ದೂರವಾದ ಶಿಬಿರಗಳಲ್ಲಿ ಅಭ್ಯಾಸ ನಡೆಸುತ್ತದೆ. ತಂಡದಲ್ಲಿ ಜಾಗಕ್ಕಾಗಿ ತಮ್ಮತಮ್ಮಲ್ಲೇ ಪ್ರೇಕ್ಷಕರ ಮುಂದೆ ಆಯ್ಕೆ ಪಂದ್ಯಗಳನ್ನು ಆಡಿಸುತ್ತದೆ. 1961ರಲ್ಲಿ ಲೂಪ್ ಹೊಡೆತಕ್ಕೆ ಮಾಡಿದ್ದನ್ನೇ ಈಗ ಒತ್ತಡಕ್ಕೂ ಮಾಡಲಾಗುತ್ತಿದೆ.

ಇಷ್ಟಾದರೂ ಅಂಜಿಕೆ ಸೋತು ಮೂಲೆ ಸೇರಿಲ್ಲ. ಟೋಕಿಯೊ ಒಲಿಂಪಿಕ್ಸ್‌ನ ಮಿಶ್ರ ಡಬಲ್ಸ್ ಕ್ವಾರ್ಟರ್‌ಫೈನಲ್‌ನಲ್ಲಿ ಜಪಾನಿನ ಜುನ್ ಮಿಜುತಾನಿ ಮತ್ತು ಮಿಮಾ ಇತೊ ಜರ್ಮನಿಯ ಜೋಡಿಗೆ ಏಳನೇ ಗೇಮಿನಲ್ಲಿ 2-9ರಿಂದ ಹಿಂದಿದ್ದರು. ಏಳು ಮ್ಯಾಚ್ ಪಾಯಿಂಟ್ ಉಳಿಸಿಕೊಂಡು 16-14ರಿಂದ ಗೆದ್ದರು. ಫೈನಲ್‌ನಲ್ಲಿ ಮೊದಲೆರಡು ಗೇಮ್ ಕಳೆದುಕೊಂಡೂ ಚೀನಾದ ಶು ಶಿನ್ ಮತ್ತು ಲಿಯು ಶಿವೆನ್ ಅವರನ್ನು 4-3ರಿಂದ ಸೋಲಿಸಿದರು. ಕೊನೆಯ ಗೇಮಿನಲ್ಲಿ 8-0 ಆಗುವವರೆಗೆ ಚೀನೀ ಜೋಡಿಗೆ ಒಂದು ಪಾಯಿಂಟೂ ಸಿಗಲಿಲ್ಲ. ಜಗತ್ತಿನಲ್ಲೇ ಹೆಚ್ಚು ತಯಾರಿ ಮಾಡಿದ ಕೈಗಳವು. 2024ರ ಪ್ಯಾರಿಸ್‌ನಲ್ಲಿ ಚೀನಾದ ವಾಂಗ್ ಚುಚಿನ್ ಮಿಶ್ರ ಡಬಲ್ಸ್ ಚಿನ್ನ ಗೆದ್ದ ಸಂಭ್ರಮದ ನೂಕುನುಗ್ಗಲಿನಲ್ಲಿ ಛಾಯಾಗ್ರಾಹಕರ ಕಾಲಿಗೆ ಸಿಕ್ಕಿ ಅವನ ಬ್ಯಾಟು ಮುರಿಯಿತು. ಮರುದಿನ ಇನ್ನೊಂದು ಬ್ಯಾಟಿನಲ್ಲಿ ಆಡಿದ ಅವನು ಸ್ವೀಡನ್ನಿನ ಟ್ರುಲ್ಸ್ ಮೊರೆಗಾರ್ಡ್‌ಗೆ ಸಿಂಗಲ್ಸ್‌ನಲ್ಲಿ ಸೋತ.

ಭಾರತದ ಮಹಿಳೆಯರು ಈ ಚರಿತ್ರೆಗೆ ತಮ್ಮದೇ ಅಧ್ಯಾಯ ಸೇರಿಸಿದ್ದಾರೆ. ಬ್ಯಾಟಿನ ಒಂದು ಬದಿಗೆ ಉದ್ದ ಗುಬುಟಿನ ರಬ್ಬರೋ ಆ್ಯಂಟಿಸ್ಪಿನ್ ರಬ್ಬರೋ ಹಾಕಿ, ಚೆಂಡಿನ ವೇಗವನ್ನೂ ಸ್ಪಿನ್ನನ್ನೂ ಕೆಡಿಸಿ ಎದುರಾಳಿಯ ಲಯ ಮುರಿಯುವುದು ಅವರಲ್ಲಿ ಹಲವರ ಆಟದ ತಿರುಳು. 2018ರ ಗೋಲ್ಡ್‌ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಮಣಿಕಾ ಬಾತ್ರಾ ಸಿಂಗಪುರದ ಫೆಂಗ್ ತಿಯಾನ್‌ವೇಯನ್ನು ತಂಡ ಫೈನಲ್‌ನಲ್ಲೂ ಸಿಂಗಲ್ಸ್‌ನಲ್ಲೂ ಮಣಿಸಿದರು. 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಐಹಿಕಾ ಮುಖರ್ಜಿ ಮತ್ತು ಸುತೀರ್ಥಾ ಮುಖರ್ಜಿ, ಚೀನಾದ ಚೆನ್ ಮೆಂಗ್ ಮತ್ತು ವಾಂಗ್ ಯಿದಿ ಜೋಡಿಯನ್ನು ಅವರದೇ ನೆಲದಲ್ಲಿ ಸೋಲಿಸಿ ಪದಕ ಖಚಿತಪಡಿಸಿಕೊಂಡರು. 2024ರ ಫೆಬ್ರವರಿಯಲ್ಲಿ ಬೂಸಾನ್‌ನ ವಿಶ್ವ ತಂಡ ಚಾಂಪಿಯನ್‌ಷಿಪ್‌ನಲ್ಲಿ ಐಹಿಕಾ ವಿಶ್ವದ ಒಂದನೇ ಕ್ರಮಾಂಕದ ಸುನ್ ಯಿಂಗ್ಷಾರನ್ನು, ಶ್ರೀಜಾ ಅಕುಲಾ ವಾಂಗ್ ಯಿದಿಯವರನ್ನು ಸೋಲಿಸಿದಾಗ ಚೀನಾ 3-2ರಿಂದ ಹೇಗೋ ಪಾರಾಯಿತು. ಸಾತೋನ ಸ್ಪಂಜು ಬೊಂಬಾಯಿಯಲ್ಲಿ ಮಾಡಿದ್ದ ಕೆಲಸವನ್ನೇ ಇಲ್ಲಿ ಅಪರಿಚಿತ ರಬ್ಬರುಗಳು ಮಾಡಿದವು.

ಪ್ಯಾರಿಸ್‌ನಲ್ಲಿ ಭಾರತದ ಮಹಿಳಾ ತಂಡ ಮೊದಲ ಬಾರಿಗೆ ಒಲಿಂಪಿಕ್ಸ್‌ನ ತಂಡ ಸ್ಪರ್ಧೆಯಲ್ಲಿ ಆಡಿತು. ರುಮೇನಿಯಾವನ್ನು 3-2ರಿಂದ ದಾಟಿ ಕ್ವಾರ್ಟರ್‌ಫೈನಲ್ ತಲುಪಿತು. ಅಲ್ಲಿ ಜರ್ಮನಿಯ ಎದುರು 1-3ರ ಸೋಲು. ಭಾರತಕ್ಕೆ ಬಂದ ಆ ಒಂದೇ ಗೆಲುವು ಬೆಂಗಳೂರಿನ ಅರ್ಚನಾ ಕಾಮತ್ ಅವರದು. ಒಲಿಂಪಿಕ್ ಪದಕ ಗೆದ್ದಿದ್ದ, ತಮಗಿಂತ ಬಹಳ ಹಿರಿಯರಾದ ಷಾನ್ ಷಿಯಾವೊನಾರನ್ನು ಅವರು 3-1ರಿಂದ ಮಣಿಸಿದರು. ಕೂಟ ಮುಗಿದ ಮೇಲೆ ಅರ್ಚನಾ ಓದಿಗಾಗಿ ಅಮೆರಿಕಕ್ಕೆ ಹೊರಟರು.